ತಂಬೂರಿ ನಿಲ್ಲದಿರಲಿ: ಡೆಸ್ಕ್‌ಟಾಪಿಗೆ ಮ್ಯೂಸಿಕ್ ಪ್ಲೇಯರ್ ಆರಿಸುವ 14 ಸೂತ್ರಗಳು

ಪಲ್ಲವಿ ಮುಗಿದು ತನಿ ಆವರ್ತನ ಶುರುವಾಗುವ ಜಾಗ. ಗಾಯಕರು ಸಾಲನ್ನು ಕೊನೆಯ ಸಲ ಎತ್ತಿಕೊಂಡು ಮೃದಂಗಕ್ಕೆ ಬಿಟ್ಟುಕೊಡುತ್ತಾರೆ. ಸಭೆಯ ಚಪ್ಪಾಳೆ ಇನ್ನೂ ನಿಂತಿಲ್ಲ, ಅದರ ಅಡಿಯಲ್ಲೇ ತಂಬೂರಿ ಹರಿಯುತ್ತಿದೆ. ಆ ಕಚೇರಿಯ ಸಿ.ಡಿ.ಯನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಎಷ್ಟೋ ವರ್ಷ ಕೇಳಿದ್ದೇನೆ. ಅಷ್ಟೂ ವರ್ಷ ಅದೇ ಜಾಗದಲ್ಲಿ ತಂಬೂರಿ ಅರ್ಧ ಸೆಕೆಂಡ್ ನಿಂತು ಮತ್ತೆ ಶುರುವಾಗುತ್ತಿತ್ತು. ರೆಕಾರ್ಡಿಂಗೇ ಹಾಗಿರಬೇಕು ಅಂದುಕೊಂಡಿದ್ದೆ. ಒಂದು ಸಂಜೆ ಬೇರೆ ಪ್ಲೇಯರ್ ಹಾಕಿ ಅದೇ ಫೈಲುಗಳನ್ನು ಕೇಳಿದಾಗ ಆ ಸಂದು ಮಾಯವಾಗಿತ್ತು. ಚಪ್ಪಾಳೆ, ತಂಬೂರಿ, ಮೃದಂಗದ ಮೊದಲ ಪೆಟ್ಟು ಎಲ್ಲ ಒಂದೇ ಉಸಿರಿನಲ್ಲಿ ಬಂದವು.

ಕಂಪ್ಯೂಟರಿನಲ್ಲಿ ಹಾಡು ನುಡಿಸುವ ತಂತ್ರಾಂಶದ ಬಗ್ಗೆ ನಾನು ತಲೆ ಕೆಡಿಸಿಕೊಂಡಿದ್ದು ಅವತ್ತಿನಿಂದ. ಒಳ್ಳೆಯ ಹೆಡ್‌ಫೋನ್ ಕೊಂಡವರು, ಮನೆಯಲ್ಲಿ ಸಾವಿರಾರು ಹಾಡು ಕೂಡಿಟ್ಟವರು, ಈಗ ಕೇಳುವುದನ್ನು ಸರಿಯಾಗಿ ಕೇಳೋಣ ಎಂದುಕೊಂಡವರು ಈ ಸೂತ್ರಗಳನ್ನು ನೋಡಿ.

1. ಮೊದಲು ನಿಮ್ಮ ಸಂಗ್ರಹ ನೋಡಿ, ಆಮೇಲೆ ಪ್ಲೇಯರ್

ಒಂದು ಹಾಳೆ ತೆಗೆದುಕೊಂಡು ನಿಮ್ಮ ಹತ್ತಿರ ಏನೇನಿದೆ ಬರೆಯಿರಿ. ಇಳಿಸಿದ ಸಿ.ಡಿ.ಗಳೆಷ್ಟು? ಎಂಪಿ3 ಎಷ್ಟು? ಕ್ಯಾಸೆಟ್ಟಿನಿಂದ ತೆಗೆದದ್ದು, ಆಕಾಶವಾಣಿಯಿಂದ ಹಿಡಿದದ್ದು, ಮದುವೆ ಮನೆಯಲ್ಲಿ ಯಾರೋ ಪೆನ್‌ಡ್ರೈವಿಗೆ ಹಾಕಿಕೊಟ್ಟದ್ದು? ಮುಕ್ಕಾಲು ಪಾಲು ಸ್ಟ್ರೀಮಿಂಗ್‌ನಲ್ಲೇ ಕೇಳುವವರಿಗೆ ಬೇಕಾದದ್ದು ಒಂದು ಬಗೆಯ ಪ್ಲೇಯರ್, ಮೂವತ್ತು ವರ್ಷ ಕೂಡಿಟ್ಟ ಕಚೇರಿಗಳಿರುವವರಿಗೆ ಬೇರೆ ಬಗೆಯದು. ಈ ಪಟ್ಟಿ ಇಲ್ಲದೆ ಅಂಗಡಿಗೆ ಹೋದರೆ ಬೇಡದ್ದೇ ಮನೆಗೆ ಬರುತ್ತದೆ.

2. "ಯಾವುದರ ಧ್ವನಿ ಚೆನ್ನ?" ಎಂಬ ಪ್ರಶ್ನೆಯಿಂದ ಶುರುಮಾಡಬೇಡಿ

ಎಲ್ಲರೂ ಮೊದಲು ಕೇಳುವುದು ಇದನ್ನೇ. ಪ್ಲೇಯರ್ ಮಾಡುವ ಕೆಲಸ ಏನೆಂದು ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ. ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿಗೆ ಪ್ರತಿ ಕಿವಿಗೆ 44,100 ಅಂಕಿಗಳಿರುತ್ತವೆ, ಒಂದೊಂದೂ 16 ಬಿಟ್‌ನದ್ದು. ಪ್ಲೇಯರ್ ಆ ಅಂಕಿಗಳನ್ನು ಫೈಲಿನಿಂದ ಬಿಚ್ಚಿ, ಸಾಲಾಗಿ, ತಪ್ಪಿಲ್ಲದೆ ಡ್ಯಾಕ್‌ಗೆ ಕೊಡಬೇಕು. ಅಂಕಿಗಳನ್ನು ಧ್ವನಿಯ ವಿದ್ಯುತ್ತಾಗಿ ಬದಲಿಸುವುದು ಡ್ಯಾಕ್‌ನ ಕೆಲಸ. ಅದು ಕಂಪ್ಯೂಟರಿನ ಒಳಗೂ ಇರಬಹುದು, ಯುಎಸ್‌ಬಿಯಲ್ಲಿ ಸಿಕ್ಕಿಸುವ ಪುಟ್ಟ ಪೆಟ್ಟಿಗೆಯೂ ಆಗಬಹುದು. ಎರಡು ಪ್ಲೇಯರ್‌ಗಳು ಒಂದೇ ಅಂಕಿಗಳನ್ನು ಒಂದೇ ಸಾಲಿನಲ್ಲಿ ಕೊಟ್ಟರೆ ಡ್ಯಾಕ್‌ಗೆ ಯಾವುದು ಯಾರಿಂದ ಬಂತು ಎಂದು ತಿಳಿಯುವ ದಾರಿಯೇ ಇಲ್ಲ. ಉಚಿತವಾಗಿ ಸಿಗುವ ಫೂಬಾರ್ 2000 ಕೊಟ್ಟ ಅಂಕಿಯೂ ಅದೇ, ಸಾವಿರಾರು ರೂಪಾಯಿಯ ತಂತ್ರಾಂಶ ಕೊಟ್ಟ ಅಂಕಿಯೂ ಅದೇ.

ಅಂದ ಮೇಲೆ ದಾರಿ ಚೊಕ್ಕಟವಾಗಿರುವ ಎರಡು ಪ್ಲೇಯರ್‌ಗಳಲ್ಲಿ ಆರಿಸಿಕೊಳ್ಳಬೇಕಾದದ್ದು ಧ್ವನಿಯನ್ನಲ್ಲ. ನಿಮ್ಮ ಸಂಗ್ರಹವನ್ನು ಯಾವುದು ಚೆನ್ನಾಗಿ ನೋಡಿಕೊಳ್ಳುತ್ತದೆ, ಬೇಕಾದ ಹಾಡನ್ನು ಯಾವುದು ಬೇಗ ಹುಡುಕಿಕೊಡುತ್ತದೆ, ಹಾಡನ್ನು ಯಾವುದು ತುಂಡು ಮಾಡದೆ ನುಡಿಸುತ್ತದೆ ಎಂಬುದನ್ನು. ಮುಂದಿನ ಸೂತ್ರಗಳೆಲ್ಲ ಈ ಮಾತಿನಿಂದಲೇ ಹೊರಟವು.

3. ದಾರಿ ಚೊಕ್ಕಟ ಮಾಡಿ

ವಿಂಡೋಸ್‌ನಲ್ಲಿ ನೀವು ಕೇಳುವ ಖಯಾಲ್, ಬ್ರೌಸರಿನ ವಿಡಿಯೋ, ಮೇಲ್ ಬಂದಾಗಿನ ಟಿಂಗ್ ಸದ್ದು ಎಲ್ಲವೂ ಒಂದೇ ಮಿಕ್ಸರಿಗೆ ಬಂದು ಬೀಳುತ್ತವೆ. ಮಿಕ್ಸರ್ ಎಲ್ಲವನ್ನೂ ಒಂದೇ ಲೆಕ್ಕಕ್ಕೆ ತಂದು ಕಲಸಿ ಹೊರಗೆ ಕಳಿಸುತ್ತದೆ. ಸೆಟ್ಟಿಂಗ್ 48,000ಕ್ಕೆ ಇದ್ದರೆ ಸಿ.ಡಿ.ಯ 44,100 ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ 48,000 ಮಾಡುತ್ತದೆ. ಇದರಿಂದ ಆಗುವ ಕೇಡು ಜಾಹೀರಾತುಗಳು ಹೆದರಿಸುವಷ್ಟು ದೊಡ್ಡದಲ್ಲ. ಆದರೆ ವಿಲಂಬಿತದ ನಡುವೆ ಮೇಲ್ ಬಂದ ಟಿಂಗ್ ಕೇಳುವುದು ಮಾತ್ರ ಸಹಿಸಲಾಗದ್ದು. ಎರಡನ್ನೂ ತಪ್ಪಿಸಲು ಕಾಸು ಖರ್ಚಿಲ್ಲ.

2007ರಲ್ಲಿ ವಿಂಡೋಸ್ ವಿಸ್ತಾ ಜೊತೆ ವಾಸಪಿ ಎಂಬ ವ್ಯವಸ್ಥೆ ಬಂತು. ಅದರಲ್ಲಿ ಎಕ್ಸ್‌ಕ್ಲೂಸಿವ್ ಮೋಡ್ ಎಂದಿದೆ. ಅದನ್ನು ಆರಿಸಿದರೆ ಪ್ಲೇಯರ್ ಮಿಕ್ಸರನ್ನು ಬದಿಗಿಟ್ಟು ಡ್ಯಾಕ್ ಜೊತೆ ನೇರವಾಗಿ ಮಾತಾಡುತ್ತದೆ. ಫೂಬಾರ್ 2000, ಮ್ಯೂಸಿಕ್‌ಬೀ, ಜೆ ರಿವರ್ ಮೀಡಿಯಾ ಸೆಂಟರ್ ಮೂರರಲ್ಲೂ ಇದು ಇದೆ. ಸ್ಟೇನ್‌ಬರ್ಗ್ ಕಂಪನಿ ಸ್ಟುಡಿಯೋಗಳಿಗಾಗಿ ಮಾಡಿದ ಏಸಿಯೋ ಎಂಬ ಇನ್ನೊಂದು ದಾರಿಯೂ ಉಂಟು. ಡ್ಯಾಕ್ ತಯಾರಿಸಿದವರೇ ಅದರ ಡ್ರೈವರ್ ಕೊಟ್ಟಿದ್ದರೆ ಬಳಸಿ, ಇಲ್ಲದಿದ್ದರೆ ವಾಸಪಿ ಸಾಕು. ಮ್ಯಾಕ್‌ನಲ್ಲಿ 'ಆಡಿಯೋ ಮಿಡಿ ಸೆಟಪ್' ತೆರೆದು ಈಗ ಯಾವ ಲೆಕ್ಕದಲ್ಲಿ ಓಡುತ್ತಿದೆ ನೋಡಬಹುದು. ಆಡಿರ್ವಾನಾದಂಥ ಪ್ಲೇಯರ್‌ಗಳು ಹಾಡಿಗೆ ತಕ್ಕಂತೆ ಅದನ್ನು ತಾವೇ ಬದಲಿಸುತ್ತವೆ. ಲಿನಕ್ಸ್‌ನಲ್ಲಿ ಆಲ್ಸಾ ಮೂಲಕ ಡ್ಯಾಕ್‌ಗೆ ನೇರ ದಾರಿ ಸಿಗುತ್ತದೆ.

ಸರಿಯಾಗಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಹಾಡು ಓಡುತ್ತಿರುವಾಗಲೇ ಬ್ರೌಸರಿನಲ್ಲಿ ಒಂದು ವಿಡಿಯೋ ಹಾಕಿ. ಅದಕ್ಕೆ ದನಿ ಬರದಿದ್ದರೆ ಪ್ಲೇಯರ್ ಡ್ಯಾಕ್ ಅನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡಿದೆ ಎಂದರ್ಥ. ಡ್ಯಾಕ್‌ನ ಮುಖದ ಮೇಲೆ ಅಂಕಿ ತೋರಿಸುವ ಪರದೆ ಇದ್ದರೆ ಇನ್ನೂ ಸುಲಭ: ಸಿ.ಡಿ.ಯಿಂದ ಇಳಿಸಿದ ಹಾಡಿಗೆ 44.1 ಬರಬೇಕು, 48 ಅಲ್ಲ.

4. ಸಂದಿಲ್ಲದೆ ಹರಿಯಬೇಕು

ಮೂರು ನಿಮಿಷದ ಚಿತ್ರಗೀತೆಗಳನ್ನೇ ಕೇಳುವವರಿಗೆ ಇದು ಮುಖ್ಯ ಅನಿಸಲಿಕ್ಕಿಲ್ಲ. ನಮ್ಮ ಸಂಗೀತಕ್ಕೆ ಇದು ಪ್ರಾಣ. ರಾಗ–ತಾನ–ಪಲ್ಲವಿಯನ್ನು ಸಿ.ಡಿ.ಯವರು ನಾಲ್ಕು ಭಾಗ ಮಾಡಿರುತ್ತಾರೆ. ವಿಲಂಬಿತ ಒಂದು ಟ್ರ್ಯಾಕ್, ದ್ರುತ್ ಇನ್ನೊಂದು. ಹಾಡಿದವರು ನಿಲ್ಲಿಸಿಲ್ಲ, ಗೆರೆ ಎಳೆದದ್ದು ಸಿ.ಡಿ. ಮಾಡಿದವರು. ಆ ಗೆರೆ ಕಿವಿಗೆ ಕೇಳಬಾರದು.

ಎಂಪಿ3ಯಲ್ಲಿ ಈ ತೊಂದರೆ ಹುಟ್ಟಿನಿಂದಲೇ ಇದೆ. ಎಂಪಿ3 ಧ್ವನಿಯನ್ನು 1,152 ಅಂಕಿಗಳ ಕಂತುಗಳಾಗಿ ಕಟ್ಟುತ್ತದೆ. ಹಾಡಿನ ಉದ್ದ ಕಂತಿಗೆ ಸರಿಹೊಂದದಿದ್ದರೆ ಕೊನೆಗೆ ಮೌನ ತುಂಬುತ್ತದೆ, ಆರಂಭದಲ್ಲೂ ಒಂದಿಷ್ಟು ಸೇರುತ್ತದೆ. ಲೇಮ್ ಎನ್‌ಕೋಡರ್ ಎಷ್ಟು ಮೌನ ಸೇರಿಸಿದೆ ಎಂಬ ಲೆಕ್ಕವನ್ನು ಫೈಲಿನಲ್ಲೇ ಬರೆದಿಡುತ್ತದೆ. ಒಳ್ಳೆಯ ಪ್ಲೇಯರ್ ಅದನ್ನು ಓದಿ ಅಷ್ಟನ್ನು ಕತ್ತರಿಸುತ್ತದೆ, ಕೆಟ್ಟದ್ದು ಓದುವುದೇ ಇಲ್ಲ. ಮುಂದಿನ ಸೂತ್ರದಲ್ಲಿ ಬರುವ ಫ್ಲ್ಯಾಕ್ ಎಂಬ ಮಾದರಿಯಲ್ಲಿ ಈ ಸೇರ್ಪಡೆಯೇ ಇಲ್ಲ, ಆದರೂ ಮುಂದಿನ ಫೈಲನ್ನು ಮೊದಲೇ ತೆರೆದಿಟ್ಟುಕೊಳ್ಳುವ ಬುದ್ಧಿ ಪ್ಲೇಯರ್‌ಗೆ ಬೇಕು.

ಪರೀಕ್ಷೆಗೆ ನಿಮ್ಮದೇ ಒಂದು ಕಚೇರಿ ತೆಗೆದುಕೊಳ್ಳಿ. ಟ್ರ್ಯಾಕ್ ಬದಲಾಗುವ ಹತ್ತು ಸೆಕೆಂಡ್ ಮುಂಚೆ ಕಣ್ಣು ಮುಚ್ಚಿ ತಂಬೂರಿಯೊಂದನ್ನೇ ಕೇಳಿ. ಟ್ರ್ಯಾಕ್ ಯಾವಾಗ ಬದಲಾಯಿತು ಎಂದು ನಿಮಗೆ ಹೇಳಲು ಬಂದರೆ ಆ ಪ್ಲೇಯರ್ ಬೇಡ. "ಕ್ರಾಸ್‌ಫೇಡ್" ಹಾಕಿ ಸಂದನ್ನು ಮುಚ್ಚುವ ಪ್ಲೇಯರ್‌ಗಳೂ ಇವೆ. ಒಂದು ಹಾಡಿನ ಬಾಲವನ್ನು ಇನ್ನೊಂದರ ತಲೆಯ ಮೇಲೆ ಹೊದಿಸುವ ಕೆಲಸ ಅದು. ಅದನ್ನು ಆಫ್ ಮಾಡಿಡಿ.

5. ಇಳಿಸುವುದನ್ನು ಒಂದೇ ಸಲ, ಸರಿಯಾಗಿ ಇಳಿಸಿ

ಸಿ.ಡಿ.ಗಳಿಗೆ ವಯಸ್ಸಾಗುತ್ತಿದೆ, ಡ್ರೈವ್‌ಗಳು ಸಿಗುವುದೂ ಕಡಿಮೆಯಾಗುತ್ತಿದೆ. ವಿಂಡೋಸ್‌ನಲ್ಲಿ 'ಎಕ್ಸಾಕ್ಟ್ ಆಡಿಯೋ ಕಾಪಿ' ಬಳಸಿ. ಗೀರು ಬಿದ್ದ ಜಾಗವನ್ನು ಅದು ಮತ್ತೆ ಮತ್ತೆ ಓದುತ್ತದೆ, ಬೇರೆಯವರು ಇಳಿಸಿದ ಅದೇ ಸಿ.ಡಿ.ಯ ಲೆಕ್ಕದೊಂದಿಗೆ ತಾಳೆ ನೋಡುತ್ತದೆ. ಇಡುವುದು ಫ್ಲ್ಯಾಕ್‌ನಲ್ಲಿ. 2001ರಲ್ಲಿ ಬಂದ ಈ ಮಾದರಿ ಎಲ್ಲರಿಗೂ ಮುಕ್ತ. ಜಾಗ ಸುಮಾರು ಅರ್ಧದಷ್ಟು ಉಳಿಯುತ್ತದೆ, ಅಂಕಿ ಒಂದೂ ಕಳೆಯುವುದಿಲ್ಲ. ಹಳೆಯ ಮೋನೋ ಧ್ವನಿಮುದ್ರಣಗಳು ಇನ್ನೂ ಚಿಕ್ಕದಾಗುತ್ತವೆ, ಏಕೆಂದರೆ ಎರಡೂ ಕಿವಿಗೆ ಇರುವುದು ಒಂದೇ ಧ್ವನಿ. ಮ್ಯಾಕ್‌ನ ಮ್ಯೂಸಿಕ್ ಆ್ಯಪ್ ಫ್ಲ್ಯಾಕ್ ಸೇರಿಸಿಕೊಳ್ಳುವುದಿಲ್ಲ. ಅದನ್ನೇ ಬಳಸಬೇಕಿದ್ದರೆ ಆಪಲ್‌ನವರ ಅಲ್ಯಾಕ್‌ಗೆ ಬದಲಿಸಿ. ಅದರಲ್ಲೂ ಏನೂ ಕಳೆಯುವುದಿಲ್ಲ, ಬೇಕೆಂದಾಗ ಹಿಂದಕ್ಕೆ ತರಬಹುದು.

ಎಂಪಿ3ಯನ್ನು ಫ್ಲ್ಯಾಕ್ ಮಾಡಿದರೆ ಕಳೆದುಹೋದದ್ದು ಮರಳಿ ಬರುವುದಿಲ್ಲ. ಹಾಲಿಗೆ ನೀರು ಬೆರೆಸಿದ ಮೇಲೆ ಪಾತ್ರೆ ಬದಲಿಸಿದರೂ ಅದು ನೀರು ಹಾಲೇ.

6. 192 ಎಂಬ ಅಂಕಿ ನೋಡಿ ಮರುಳಾಗಬೇಡಿ

ಸಿ.ಡಿ.ಗಿಂತ ಹೆಚ್ಚು ಅಂಕಿಗಳಿರುವ ಧ್ವನಿಗೆ ಹೈ–ರೆಸ್ ಎನ್ನುತ್ತಾರೆ, 192 ಎಂದರೆ ಸೆಕೆಂಡಿಗೆ 192 ಸಾವಿರ ಅಂಕಿ. ಮನುಷ್ಯನ ಕಿವಿಗೆ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ, ವಯಸ್ಸಾದಂತೆ ಅದೂ ಇಳಿಯುತ್ತದೆ. 44.1ರ ಲೆಕ್ಕದಲ್ಲಿ 22.05 ಕಿಲೋಹರ್ಟ್ಸ್‌ವರೆಗಿನ ಧ್ವನಿ ಹಿಡಿಯಬಹುದು. 16 ಬಿಟ್ ಎಂದರೆ ಅತಿ ಮೆಲ್ಲಗಿನ ಧ್ವನಿಗೂ ಅತಿ ಜೋರಿನ ಧ್ವನಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ. ಫ್ಯಾನ್ ತಿರುಗುವ, ರಸ್ತೆಯ ಸದ್ದು ಒಳಗೆ ಬರುವ ನಮ್ಮ ಮನೆಗಳಲ್ಲಿ ಅಷ್ಟು ಅಂತರ ಬಳಸಿಕೊಳ್ಳುವುದೂ ಕಷ್ಟ.

2007ರಲ್ಲಿ ಬ್ರ್ಯಾಡ್ ಮೇಯರ್, ಡೇವಿಡ್ ಮೊರಾನ್ ಎಂಬವರು ಅಮೆರಿಕದಲ್ಲಿ ಮಾಡಿದ ಪರೀಕ್ಷೆಯ ವರದಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ನಿಯತಕಾಲಿಕದಲ್ಲಿ ಬಂತು. ಹೈ–ರೆಸ್ ಧ್ವನಿಯನ್ನು ನೇರವಾಗಿಯೂ, ಸಿ.ಡಿ. ಮಟ್ಟಕ್ಕೆ ಇಳಿಸಿಯೂ ಕೇಳಿಸಿ ಯಾವುದು ಯಾವುದೆಂದು ಹೇಳಿಸಿದರು. 554 ಸಲ ಕೇಳಿಸಿದಾಗ ಸರಿ ಬಂದದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ ಇಂಥ ಹಲವು ಪರೀಕ್ಷೆಗಳನ್ನು ಒಟ್ಟಿಗೆ ಹಾಕಿ ಲೆಕ್ಕ ಮಾಡಿದಾಗ ವ್ಯತ್ಯಾಸ ಗುರುತಿಸುವ ಶಕ್ತಿ ತುಸುವೇ ತುಸು ಇದೆ ಎಂದು ಕಂಡಿತು, ಕಿವಿಗೆ ತರಬೇತಿ ಕೊಟ್ಟವರಲ್ಲಿ ಇನ್ನಷ್ಟು. ಅಂದರೆ ಇದು ಪೂರ್ತಿ ಸುಳ್ಳಲ್ಲ. ಆದರೆ ಇದಕ್ಕಾಗಿ ಸಂಗ್ರಹವನ್ನೆಲ್ಲ ಮತ್ತೆ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಒಳ್ಳೆಯ ಮಾಸ್ಟರಿಂಗ್ ಆದ ಸಿ.ಡಿ. ಕೆಟ್ಟ ಮಾಸ್ಟರಿಂಗ್‌ನ 192ಕ್ಕಿಂತ ಎಷ್ಟೋ ಮೇಲು.

ಹಳೆಯ 78 ಆರ್‌ಪಿಎಂ ತಟ್ಟೆಗಳ ಮಟ್ಟಿಗೆ ಈ ಮಾತೇ ಏಳುವುದಿಲ್ಲ. ಅವುಗಳಲ್ಲಿ 20 ಕಿಲೋಹರ್ಟ್ಸ್‌ನ ಅರ್ಧ ಮುಟ್ಟುವುದೇ ಕಷ್ಟ. ಮಲ್ಲಿಕಾರ್ಜುನ ಮನ್ಸೂರರ ಎಳೆಯ ದನಿ ಅಲ್ಲಿಂದಲೇ ನಮಗೆ ಬಂದದ್ದು. ಆ ದನಿ ಮುಟ್ಟುವುದಕ್ಕೆ ಯಾವ ಅಂಕಿಯೂ ಅಡ್ಡ ಬರಲಿಲ್ಲ.

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವವರಿಗೆ ಮಾತ್ರ ಒಂದು ಮಾತು: ಇಳಿಸುವಾಗ 24 ಬಿಟ್ ಇಡಿ. ಧ್ವನಿಮಟ್ಟ ಹೆಚ್ಚುಕಡಿಮೆ ಆದರೂ ಆಮೇಲೆ ತಿದ್ದಲು ಜಾಗ ಇರುತ್ತದೆ.

7. ಕಿವಿಯನ್ನೇ ಪರೀಕ್ಷೆಗೆ ಕೂರಿಸಿ

ಫೂಬಾರ್ 2000ಕ್ಕೆ ಎಬಿಎಕ್ಸ್ ಕಂಪೇರೇಟರ್ ಎಂಬ ಉಚಿತ ಸೇರ್ಪಡೆ ಇದೆ. ಒಂದೇ ಹಾಡಿನ ಫ್ಲ್ಯಾಕ್ ಮತ್ತು ಎಂಪಿ3 ಕೊಡಿ. ಅದು ಯಾವುದೆಂದು ಹೇಳದೆ ಒಂದನ್ನು ನುಡಿಸುತ್ತದೆ, ನೀವು ಗುರುತಿಸಬೇಕು. ಹೀಗೆ 10 ಸಲ. ಸುಮ್ಮನೆ ಊಹಿಸಿದರೂ 5 ಸರಿ ಬರುತ್ತದೆ. ಆದರೆ ಊಹೆಯಲ್ಲಿ 9 ಅಥವಾ ಅದಕ್ಕಿಂತ ಹೆಚ್ಚು ಸರಿ ಬರುವ ಸಂಭವ ನೂರಕ್ಕೆ ಸುಮಾರು 1. ನಿಮಗೆ 9 ಬಂದರೆ ನಿಮಗೆ ನಿಜವಾಗಿ ಕೇಳಿಸುತ್ತಿದೆ.

ಒಳ್ಳೆಯ 320 ಕೆಬಿಪಿಎಸ್‌ನ ಎಂಪಿ3ಯನ್ನು ಫ್ಲ್ಯಾಕ್‌ನಿಂದ ಬೇರೆ ಮಾಡಲು ಬಹಳ ಹಾಡುಗಳಲ್ಲಿ ನನಗೆ ಆಗಲಿಲ್ಲ. 128ರದ್ದು ತಕ್ಷಣ ಸಿಕ್ಕಿಬಿತ್ತು: ಘಟದ ಪೆಟ್ಟಿನ ಮೊದಲು ಒಂದು ಮಬ್ಬು, ತಾಳದ ಚಿಟಿಕೆಯ ಅಂಚು ಕರಗಿದಂತೆ. ಒಂದು ಸಂಜೆ ಇದನ್ನು ಮಾಡಿ ನೋಡಿ. ಎಲ್ಲಿ ಹಣ ಹಾಕಬೇಕು, ಎಲ್ಲಿ ಬೇಡ ಎಂಬುದು ನಿಮ್ಮ ಕಿವಿಯಿಂದಲೇ ತಿಳಿಯುತ್ತದೆ.

ಎರಡು ಪ್ಲೇಯರ್ ಹೋಲಿಸುವಾಗ ಎರಡರ ವಾಲ್ಯೂಮ್ ಕರಾರುವಾಕ್ಕಾಗಿ ಒಂದೇ ಇರಬೇಕು. ಕೂದಲೆಳೆಯಷ್ಟು ಜೋರಾಗಿರುವುದೇ ಕಿವಿಗೆ "ಚೆನ್ನಾಗಿದೆ" ಅನಿಸುತ್ತದೆ. ಎಷ್ಟೋ ಹೊಗಳಿಕೆಗಳ ಹಿಂದೆ ಇರುವುದು ಇಷ್ಟೇ.

8. ವಾಲ್ಯೂಮಿನ ಹಗ್ಗಜಗ್ಗಾಟ ನಿಲ್ಲಿಸಿ

ಭಾವಗೀತೆಯ ಹಿಂದೆ ಹೊಸ ಸಿನಿಮಾ ಹಾಡು ಬಂದರೆ ಹೆಡ್‌ಫೋನ್ ಕಿತ್ತು ಬಿಸಾಡುವಂತೆ ಆಗುತ್ತದೆ. ರೀಪ್ಲೇಗೇನ್ ಇದಕ್ಕೆ ಮದ್ದು. ಪ್ಲೇಯರ್ ಪ್ರತಿ ಹಾಡಿನ ಧ್ವನಿಮಟ್ಟ ಅಳೆದು ಅದನ್ನು ಒಂದು ಟ್ಯಾಗ್ ಆಗಿ ಬರೆದಿಡುತ್ತದೆ, ನುಡಿಸುವಾಗ ಅಷ್ಟು ಏರಿಸುತ್ತದೆ ಅಥವಾ ಇಳಿಸುತ್ತದೆ. ಫೈಲಿನ ಧ್ವನಿ ಹಾಗೇ ಉಳಿಯುತ್ತದೆ. ಕಚೇರಿಗಳಿಗೆ "ಆಲ್ಬಮ್" ಮಟ್ಟವನ್ನೇ ಆರಿಸಿ. "ಟ್ರ್ಯಾಕ್" ಮಟ್ಟ ಆರಿಸಿದರೆ ಮೆಲ್ಲಗೆ ಶುರುವಾಗುವ ಆಲಾಪವನ್ನೂ ತಾನದಷ್ಟೇ ಜೋರು ಮಾಡಿಬಿಡುತ್ತದೆ.

ಅಂಕಿ ಬದಲಾದರೆ ಗುಣ ಹೋಗುವುದಿಲ್ಲವೇ ಎಂಬ ಅಂಜಿಕೆ ಬೇಡ. 16 ಬಿಟ್‌ನ ಹಾಡನ್ನು 24 ಬಿಟ್‌ನ ಡ್ಯಾಕ್‌ಗೆ ಕಳಿಸುವಾಗ ಕೆಳಗೆ 8 ಬಿಟ್, ಅಂದರೆ ಸುಮಾರು 48 ಡೆಸಿಬೆಲ್ ಜಾಗ ಖಾಲಿ ಇರುತ್ತದೆ. ಎಂಟು ಹತ್ತು ಡೆಸಿಬೆಲ್ ಇಳಿಸಿದರೂ ಏನೂ ಕಳೆಯುವುದಿಲ್ಲ.

9. ಕನ್ನಡ ಓದಲು ಬರುತ್ತದೆಯೇ ನೋಡಿ

ಇಂಗ್ಲಿಷಿನಲ್ಲಿ ಬರುವ ಯಾವ ವಿಮರ್ಶೆಯೂ ಇದನ್ನು ಹೇಳುವುದಿಲ್ಲ, ನಮಗೆ ಮಾತ್ರ ಇದು ದಿನನಿತ್ಯದ ಪ್ರಶ್ನೆ. "ಶಾಸ್ತ್ರೀಯ ಸಂಗೀತ", "ಸ್ತೋತ್ರಗಳು", "ಉತ್ಸವ ಸಂಪ್ರದಾಯ ಕೃತಿ" ಎಂದು ಮೂರು ಹೆಸರು ಬರೆದು ಪ್ಲೇಯರ್‌ನ ಪಟ್ಟಿಯಲ್ಲಿ ನೋಡಿ. ಕೆಲವು ಪ್ಲೇಯರ್‌ಗಳಲ್ಲಿ ಸಾಲಿನ ಎತ್ತರ ಇಂಗ್ಲಿಷಿಗೆ ಅಳೆದದ್ದು. ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಅಕ್ಷರದ ಗಾತ್ರವನ್ನೋ ಸಾಲಿನ ಎತ್ತರವನ್ನೋ ಬದಲಿಸಲು ಬರುವ ಪ್ಲೇಯರ್ ಆದರೆ ಇಟ್ಟುಕೊಳ್ಳಿ.

ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಹೆಸರು ಬರೆದ ಫೈಲುಗಳಿದ್ದರೆ ಅವು ಪ್ಲೇಯರ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಅದು ಪ್ಲೇಯರ್‌ನ ತಪ್ಪಲ್ಲ. ಆ ಹೆಸರುಗಳನ್ನು ಯೂನಿಕೋಡ್‌ಗೆ ಬದಲಿಸಬೇಕು. ಫ್ಲ್ಯಾಕ್‌ನ ಟ್ಯಾಗ್‌ಗಳು ಮೊದಲಿನಿಂದಲೂ ಯೂನಿಕೋಡ್. ಎಂಪಿ3ಯಲ್ಲಿ ಐಡಿ3 ಎಂಬ ಟ್ಯಾಗ್ ಪದ್ಧತಿಯ ಮೊದಲ ಆವೃತ್ತಿಗೆ 30 ಅಕ್ಷರಗಳ ಮಿತಿ, ಕನ್ನಡಕ್ಕೆ ಜಾಗವೇ ಇಲ್ಲ. ಎರಡನೆಯ ಆವೃತ್ತಿಯಲ್ಲೇ ಬರೆಯಿರಿ.

ಇನ್ನೊಂದು ಸೂಕ್ಷ್ಮ ನನ್ನನ್ನು ಬಹಳ ಕಾಡಿಸಿದ್ದು. "ರಾಜ್‌ಕುಮಾರ್" ಎಂದು ಹುಡುಕಿದರೆ ಅರ್ಧ ಹಾಡುಗಳು ಬರುತ್ತಿದ್ದವು, ಅರ್ಧ ಬರುತ್ತಿರಲಿಲ್ಲ. ಪರದೆಯ ಮೇಲೆ ಎಲ್ಲವೂ ಹೆಚ್ಚುಕಡಿಮೆ ಒಂದೇ. ಕೊನೆಗೆ ತಿಳಿಯಿತು: 'ಜ್' ಮತ್ತು 'ಕು' ನಡುವೆ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಕೆಲವು ಟ್ಯಾಗ್‌ಗಳಲ್ಲಿ ಅದರ ಬದಲು ಖಾಲಿ ಜಾಗ ಇತ್ತು, ಕೆಲವದರಲ್ಲಿ ಅದು ಎರಡು ಸಲ ಬಿದ್ದಿತ್ತು. ಹುಡುಕುವ ಯಂತ್ರಕ್ಕೆ ಅವು ಬೇರೆ ಬೇರೆ ಹೆಸರು. ಒಂದು ಹೆಸರನ್ನು ಒಂದೇ ರೀತಿ ಬರೆಯಿರಿ, ಒಂದು ಕಡೆ ಬರೆದದ್ದನ್ನು ಉಳಿದ ಕಡೆಗೆ ನಕಲು ಮಾಡಿ. ಎಂಪಿ3 ಟ್ಯಾಗ್ ಎಂಬ ತಂತ್ರಾಂಶದಲ್ಲಿ ನೂರಾರು ಫೈಲುಗಳನ್ನು ಒಟ್ಟಿಗೆ ತಿದ್ದಬಹುದು. ಹೆಸರು ಹಾಗಿದ್ದರೂ ಅದು ಫ್ಲ್ಯಾಕನ್ನೂ ತಿದ್ದುತ್ತದೆ.

10. ರಾಗಕ್ಕೊಂದು ಮನೆ ಇರಲಿ

ಪ್ಲೇಯರ್‌ಗಳು ಕಲಾವಿದ, ಆಲ್ಬಮ್, ಹಾಡು ಎಂಬ ಮೂರು ಮೆಟ್ಟಿಲಿನ ಮೇಲೆ ಕಟ್ಟಿದವು. ಪುರಂದರದಾಸರ ಪದವನ್ನು ಹತ್ತು ಜನ ಹಾಡಿದ್ದಾರೆ, ಒಬ್ಬೊಬ್ಬರು ಒಂದೊಂದು ರಾಗದಲ್ಲಿ. ಬಸವಣ್ಣನ ವಚನವೂ ಹಾಗೆಯೇ. ಇದನ್ನೆಲ್ಲ ಆ ಮೂರು ಖಾನೆಯಲ್ಲಿ ತುರುಕಲು ಹೋದರೆ ಬೇಕಾದಾಗ ಯಾವುದೂ ಸಿಗುವುದಿಲ್ಲ. ಆದ್ದರಿಂದ ನಿಮಗೆ ಬೇಕಾದ ಹೊಸ ಖಾನೆಗಳನ್ನು ಸೇರಿಸಲು ಬಿಡುವ ಪ್ಲೇಯರ್ ಆರಿಸಿ. ಫೂಬಾರ್ 2000, ಮ್ಯೂಸಿಕ್‌ಬೀ, ಜೆ ರಿವರ್ ಮೂರೂ ಬಿಡುತ್ತವೆ.

ನಾನು ಇಟ್ಟುಕೊಂಡ ಖಾನೆಗಳು ಇವು: ರಾಗ, ತಾಳ, ರಚನೆ ಯಾರದು, ಪಕ್ಕವಾದ್ಯ, ಎಲ್ಲಿ ಹಾಡಿದ್ದು, ಯಾವ ಇಸವಿ. ರಾಗದ ಖಾನೆಯಲ್ಲಿ ಎರಡು ಪದ್ಧತಿಯ ಹೆಸರನ್ನೂ ಬರೆಯುತ್ತೇನೆ: ಮಾಲಕೌಂಸ್ ಮತ್ತು ಹಿಂದೋಳ, ಭೂಪಾಲಿ ಮತ್ತು ಮೋಹನ, ಯಮನ್ ಮತ್ತು ಕಲ್ಯಾಣಿ. ಹಿಂದೋಳ ಎಂದು ಹುಡುಕಿದರೆ ವೀಣೆಯ ಪಕ್ಕದಲ್ಲೇ ಭೀಮಸೇನ ಜೋಶಿಯವರ ಮಾಲಕೌಂಸ್ ಬಂದು ಕೂರುತ್ತದೆ. ಎರಡನ್ನೂ ಒಂದಾದ ಮೇಲೊಂದು ಕೇಳುವುದು ಬೇರೆಯದೇ ಅನುಭವ.

ತಾನಾಗಿ ತುಂಬಿಕೊಳ್ಳುವ ಪ್ಲೇಲಿಸ್ಟ್ ಇನ್ನೊಂದು ಸುಖ. ತೋಡಿ, ಭೈರವ, ಅಹಿರ್ ಭೈರವ, ಲಲಿತ ಇವಿಷ್ಟು ಹೆಸರು ಕೊಟ್ಟು "ಬೆಳಗು" ಎಂದು ಒಂದು ಪಟ್ಟಿ ಮಾಡಿದ್ದೇನೆ. ಹೊಸ ಧ್ವನಿಮುದ್ರಣ ಸೇರಿಸಿ ರಾಗದ ಹೆಸರು ಬರೆದರೆ ಅದು ತಾನೇ ಹೋಗಿ ಆ ಪಟ್ಟಿಯಲ್ಲಿ ಸೇರಿಕೊಳ್ಳುತ್ತದೆ.

11. ಬರೆದದ್ದು ಫೈಲಿನೊಳಗೇ ಇರಲಿ

ಇದನ್ನು ನಾನು ಕಷ್ಟಪಟ್ಟು ಕಲಿತೆ. ಮೂರು ತಿಂಗಳು ರಾತ್ರಿ ಕೂತು ಎಂಟುನೂರು ಧ್ವನಿಮುದ್ರಣಗಳಿಗೆ ವಿವರ ತುಂಬಿದ್ದೆ. ಅವತ್ತು ಬಳಸುತ್ತಿದ್ದ ಪ್ಲೇಯರ್ ಅದನ್ನೆಲ್ಲ ತನ್ನದೇ ದತ್ತಸಂಚಯದಲ್ಲಿ ಇಟ್ಟುಕೊಂಡಿತ್ತು, ಫೈಲುಗಳಿಗೆ ಬರೆದಿರಲಿಲ್ಲ. ಕಂಪ್ಯೂಟರ್ ಕೆಟ್ಟಿತು. ಹಾಡುಗಳು ಇನ್ನೊಂದು ಡಿಸ್ಕಿನಲ್ಲಿ ಸುರಕ್ಷಿತವಾಗಿದ್ದವು, ವಿವರ ಒಂದೂ ಉಳಿಯಲಿಲ್ಲ.

ಪ್ಲೇಯರ್ ಆರಿಸುವ ಮುಂಚೆಯೇ ಒಂದು ಪರೀಕ್ಷೆ ಮಾಡಿ. ಒಂದು ಹಾಡಿಗೆ ರಾಗದ ಹೆಸರು ಬರೆಯಿರಿ, ಪ್ಲೇಯರ್ ಮುಚ್ಚಿ, ಅದೇ ಫೈಲನ್ನು ಬೇರೆ ಪ್ಲೇಯರ್‌ನಲ್ಲೋ ಎಂಪಿ3 ಟ್ಯಾಗ್‌ನಲ್ಲೋ ತೆರೆಯಿರಿ. ಹೆಸರು ಅಲ್ಲಿ ಕಂಡರೆ ನಿಮ್ಮ ಶ್ರಮ ಫೈಲಿನ ಜೊತೆ ಇದೆ. ರೂನ್ ಎಂಬ ಪ್ಲೇಯರ್ ನಿಮ್ಮ ಫೈಲುಗಳನ್ನು ಮುಟ್ಟುವುದೇ ಇಲ್ಲ, ನೀವು ತಿದ್ದಿದ್ದನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಅದಕ್ಕೂ ಅದರದೇ ಕಾರಣಗಳಿವೆ, ಆದರೆ ಗೊತ್ತಿದ್ದು ಆರಿಸಿಕೊಳ್ಳಿ. ಜೊತೆಗೆ ಸಂಗ್ರಹದ ಎರಡು ಪ್ರತಿ ಇರಲಿ. ಒಂದು ಬೇರೆ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

12. ಹೆಸರು ಹೇಳಿ ಎಂದರೆ

ವಿಂಡೋಸ್‌ನಲ್ಲಿ ಮೊದಲು ಫೂಬಾರ್ 2000. ಪೀಟರ್ ಪಾವ್ಲೋವ್ಸ್ಕಿ 2002ರಿಂದ ಬೆಳೆಸಿಕೊಂಡು ಬಂದದ್ದು, ಉಚಿತ, ಹಗುರ. ನೋಟ ಬೋಳು, ಅಲಂಕಾರ ಬೇಕಾದವರಿಗೆ ಮ್ಯೂಸಿಕ್‌ಬೀ, ಅದೂ ಉಚಿತ. ಸಂಗ್ರಹ ಬಹಳ ದೊಡ್ಡದಿದ್ದು, ಪ್ರತಿ ಖಾನೆಯನ್ನೂ ಬೇಕಾದಂತೆ ಕಟ್ಟಿಕೊಳ್ಳುವ ತಾಳ್ಮೆ ಇದ್ದರೆ ದುಡ್ಡು ಕೊಟ್ಟು ಜೆ ರಿವರ್ ತೆಗೆದುಕೊಳ್ಳಬಹುದು. ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮ್ಯಾಕ್‌ನಲ್ಲಿ ಸ್ವಿನ್ಸಿಯನ್ ಸರಳ, ಆಡಿರ್ವಾನಾ ಇನ್ನಷ್ಟು ಸಜ್ಜಾದದ್ದು. ಲಿನಕ್ಸ್‌ನಲ್ಲಿ ಸ್ಟ್ರಾಬೆರಿ ಅಥವಾ ಡೆಡ್‌ಬೀಫ್.

ರೂನ್ ಬಗ್ಗೆ ಬಹಳ ಜನ ಕೇಳುತ್ತಾರೆ. 2015ರಲ್ಲಿ ಬಂತು, 2023ರಲ್ಲಿ ಹಾರ್ಮನ್ ಕಂಪನಿ ಅದನ್ನು ಕೊಂಡಿತು. ಮನೆಯ ನಾಲ್ಕು ಕೋಣೆಗಳಲ್ಲಿ ಹಾಡು ಕೇಳುವವರಿಗೆ, ಸ್ಟ್ರೀಮಿಂಗ್ ಮತ್ತು ಸ್ವಂತ ಸಂಗ್ರಹ ಎರಡೂ ಒಂದೇ ಪರದೆಯಲ್ಲಿ ಬೇಕೆನ್ನುವವರಿಗೆ ಅದು ಚಂದ. ಅಂತರ್ಜಾಲದಿಂದ ಕಲಾವಿದರ ಪರಿಚಯ, ಆಲ್ಬಮ್ ವಿವರ ತಂದು ಜೋಡಿಸುವುದು ಅದರ ದೊಡ್ಡ ಬಲ. ನಿಮ್ಮ ಹತ್ತಿರ ಇರುವುದೆಲ್ಲ ಮನೆಯ ಕ್ಯಾಸೆಟ್ ಆದರೆ ಆ ಬಲ ಕೆಲಸಕ್ಕೆ ಬರುವುದಿಲ್ಲ. ಆ ವಿವರ ಎಲ್ಲೂ ಇಲ್ಲ, ನಿಮ್ಮ ಮನೆಯಲ್ಲೇ ಇದೆ.

ಪ್ಲೇಯರ್‌ನಲ್ಲಿ ಉಳಿದ ಹಣವನ್ನು ಹೆಡ್‌ಫೋನಿಗೆ ಅಥವಾ ಸ್ಪೀಕರಿಗೆ ಹಾಕಿ. ಅಲ್ಲಿನ ವ್ಯತ್ಯಾಸ ಮನೆಯ ಎಲ್ಲರ ಕಿವಿಗೂ ಬೀಳುತ್ತದೆ.

13. ಎರಡು ವಾರ, ಒಂದೇ ಪ್ಲೇಯರ್

ಒಂದೇ ದಿನ ಐದು ಪ್ಲೇಯರ್ ಹಾಕಿ ನೋಡಬೇಡಿ. ಒಂದನ್ನು ಹಾಕಿ, ಎರಡು ವಾರ ಅದರಲ್ಲೇ ಕೇಳಿ. ಬೇಕಾದ ಹಾಡು ಸಿಗಲು ಎಷ್ಟು ಹೊತ್ತು ಬೇಕಾಯಿತು, ಎಷ್ಟು ಸಲ ಕೇಳುವುದನ್ನು ಬಿಟ್ಟು ಸೆಟ್ಟಿಂಗ್ ತಡಕಾಡಿದಿರಿ ಎಂದು ಗಮನಿಸಿ. ಪ್ಲೇಯರ್ ಎದುರಿಗಿದೆ ಎಂಬುದೇ ಮರೆತು ಒಂದು ಪೂರ್ತಿ ಕಚೇರಿ ಕೇಳಿದ ದಿನ ಹುಡುಕಾಟ ನಿಲ್ಲಿಸಿ.

14. ಗೊತ್ತಿರುವವರನ್ನು ಈಗಲೇ ಕೇಳಿ

ಧಾರವಾಡದಲ್ಲಿ ನಮ್ಮ ಸೋದರಮಾವ ಇಟ್ಟುಕೊಂಡಿದ್ದ ಒಂದು ಕ್ಯಾಸೆಟ್ ನನ್ನ ಸಂಗ್ರಹದಲ್ಲಿ ಬಹಳ ಕಾಲ "ಹೆಸರಿಲ್ಲ 17" ಎಂದೇ ಇತ್ತು. ಲೇಬಲ್ ಉದುರಿಹೋಗಿತ್ತು. ಹಾಡಿದವರ ದನಿ ಗೊತ್ತು, ರಾಗ ಗೊತ್ತು, ಉಳಿದದ್ದು ಗೊತ್ತಿಲ್ಲ. ಲ್ಯಾಪ್‌ಟಾಪ್ ಒಯ್ದು ಮಾವನ ಕಿವಿಗೆ ಹೆಡ್‌ಫೋನ್ ಹಾಕಿದೆ. ಎಂಬತ್ತು ದಾಟಿದ ಮಾವ ಕಣ್ಣು ಮುಚ್ಚಿದರು, ಬೆರಳು ತೊಡೆಯ ಮೇಲೆ ಲೆಕ್ಕ ಹಾಕತೊಡಗಿತು. "ಈ ಠೇಕಾ ಕೇಳಿದ್ರ ಗೊತ್ತಾಗ್ತದಲ್ಲೋ ತಮ್ಮಾ" ಎಂದು ತಬಲಾ ನುಡಿಸಿದವರ ಹೆಸರು ಹೇಳಿದರು. ಹಾರ್ಮೋನಿಯಂ ಯಾರದೆಂದು ಹೇಳಿದರು. ಅವತ್ತು ಮಳೆ ಬಂದು ಕರೆಂಟು ಹೋಗಿ ಕಂದೀಲಿನ ಬೆಳಕಿನಲ್ಲಿ ಬೈಠಕ್ ಮುಂದುವರಿದದ್ದು, ಟೇಪ್‌ರೆಕಾರ್ಡರಿಗೆ ಸೆಲ್ ಹಾಕಿ ತಾವೇ ಹಿಡಿದು ಕೂತದ್ದು, ಎಲ್ಲ ಹೇಳಿದರು. ಹಿಂದೆ ಸಣ್ಣಗೆ ಕೇಳುವ ಸರಸರ ಸದ್ದನ್ನು ನಾನು ಟೇಪಿನ ದೋಷ ಎಂದುಕೊಂಡು ತೆಗೆದುಹಾಕಲು ನೋಡಿದ್ದೆ. ಅದು ಹಂಚಿನ ಮೇಲೆ ಬಿದ್ದ ಮಳೆ.

ಅಲ್ಲೇ ಕೂತು ಬರೆದೆ. ರಾಗ, ತಾಳ, ತಬಲಾ, ಹಾರ್ಮೋನಿಯಂ, ಊರು. ಕಮೆಂಟ್ ಖಾನೆಯಲ್ಲಿ: "ಹಿನ್ನೆಲೆಯಲ್ಲಿ ಮಳೆ. ತೆಗೆಯಬಾರದು."